ನಾಲ್ಕು ಲೋಟಗಳ ಗೂಢಲಿಪಿ

ಕಾಫಿ ಕುಡಿದಾದ ಮೇಲೆ ನೀವು ಲೋಟವನ್ನು ಹೇಗಿಡುತ್ತೀರಿ? ಇದೆಂಥ ಪ್ರಶ್ನೆ, ಎಲ್ಲರೂ ಇಡುವ ಹಾಗೆ ಇಡುತ್ತೇವೆ ಎನ್ನುತ್ತೀರಿ. ಪುಣ್ಯವಂತರು. ನಾನು ಕುಡಿದಾದ ತಕ್ಷಣ ಲೋಟವನ್ನು ಕವುಚಿ ಇಟ್ಟುಬಿಡುತ್ತೇನೆ. ಸ್ಟೀಲಿನ ಲೋಟವಾಗಲಿ, ಪಿಂಗಾಣಿ ಕಪ್ಪಾಗಲಿ, ಮದುವೆಮನೆಯ ಕಾಗದದ ಲೋಟವಾಗಲಿ, ಬೋರಲು. ತಳದಲ್ಲಿ ಒಂದು ಗುಟುಕು ಉಳಿದಿದ್ದರೆ ಅದು ಮೊದಲು ಮೇಜಿನ ಮೇಲೆ, ಅಲ್ಲಿಂದ ಪಕ್ಕದಲ್ಲಿ ಕೂತವರ ಸೀರೆಯ ಮೇಲೆ. ನಾನು ಪಾಠ ಹೇಳುವ ಹೈಸ್ಕೂಲಿನ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿ ಸದಾ ಖಾಲಿ ಇರುವುದಕ್ಕೆ ಇದೊಂದೇ ಕಾರಣ, ನನ್ನ ಬಾಯಿ ಅಲ್ಲ ಎಂದು ನಾನು ನಂಬಿಕೊಂಡಿದ್ದೇನೆ.

ಈ ಚಾಳಿಯ ಕಥೆ ಹೇಳಬೇಕಾದರೆ ಮೊದಲು ನಿಮ್ಮನ್ನು ಇಂಗ್ಲೆಂಡಿಗೆ ಕರೆದುಕೊಂಡು ಹೋಗಬೇಕು. ನಮ್ಮೂರು ಹೊಳೆನರಸೀಪುರದ ಲೋಟಕ್ಕೂ ಇಂಗ್ಲೆಂಡಿಗೂ ಏನು ನೆಂಟು ಎಂದು ಅವಸರ ಮಾಡಬೇಡಿ. ಇವರು, ಅಂದರೆ ನನ್ನ ಗಂಡ, ಹಾಸನದ ಕಾಲೇಜೊಂದರಲ್ಲಿ ದನಕರುಗಳ ಮೇವಿನ ವಿಷಯ ಪಾಠ ಮಾಡುತ್ತಾರೆ. ನಮ್ಮ ಮದುವೆಯಾಗಿ ಹನ್ನೆರಡು ವರ್ಷವಾಗಿತ್ತು. ಎರಡು ಸಾವಿರ ಇಸವಿ ದಾಟಿ ಕೆಲವು ವರ್ಷ ಕಳೆದಿದ್ದವು. ಆಗ ಇವರನ್ನು ಎರಡು ತಿಂಗಳ ತರಬೇತಿಗೆಂದು ಅಲ್ಲಿಗೆ ಕಳಿಸಿದರು. ಹುಲ್ಲಿನ ತರಬೇತಿ. "ಹಸೂಗೆ ಹುಲ್ಲು ಹಾಕೋದು ಕಲಿಯೋಕೆ ವಿಮಾನ ಹತ್ತಬೇಕೇನಮ್ಮಾ? ಇಲ್ಲೇ ಹಾಸನದ ಪಕ್ಕದ ದುದ್ದಕ್ಕೆ ಬಸ್ಸಿಲ್ವೆ?" ಎಂದು ನಮ್ಮಪ್ಪ ಕೇಳಿದರು. ಬೇಸಿಗೆ ರಜ ಬಂದದ್ದರಿಂದ ಕೊನೆಯ ಎರಡು ವಾರಕ್ಕೆ ನಾನೂ ಹೋಗಿ ಸೇರಿಕೊಂಡೆ.

ನನಗೆ ರಾಣಿಯ ಅರಮನೆ ನೋಡುವ ಆಸೆ. ಊರಿಗೆ ಹಿಂದಿರುಗಿ ಹೇಳಿಕೊಳ್ಳುವುದಕ್ಕೆ ಅರಮನೆಗೆ ಸಮನಾದದ್ದು ಯಾವುದಿದೆ? ಇವರು ಮಾತ್ರ, ಅಲ್ಲಿನ ಮೇಷ್ಟ್ರೊಬ್ಬರು ಹೇಳಿದರೆಂದು, ಒಂದು ಭಾನುವಾರ ಲಂಡನ್ನಿನಿಂದ ರೈಲು ಹತ್ತಿಸಿ ಒಂದು ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದರು. ಎರಡನೆಯ ಮಹಾಯುದ್ಧದ ಕಾಲದಲ್ಲಿ ಜರ್ಮನ್ನರ ಗುಟ್ಟಿನ ಸಂದೇಶಗಳನ್ನು ಹಿಡಿದು, ಬಿಡಿಸಿ, ಓದುತ್ತಿದ್ದ ಜಾಗವಂತೆ. ಹೋಗಿ ನೋಡಿದರೆ ಒಂದು ದೊಡ್ಡ ಇಟ್ಟಿಗೆಯ ಮನೆ, ಮುಂದೆ ಬಾತುಕೋಳಿ ಓಡಾಡುವ ಕೊಳ, ಸುತ್ತಲೂ ನಮ್ಮ ಕಡೆಯ ಶಾಂತಿಗ್ರಾಮದ ಹಳೇ ಶಾಲೆಯ ಕೊಠಡಿಗಳಂಥ ಮರದ ಶೆಡ್ಡುಗಳು. "ಇದಕ್ಕಾ ರೀ ನಾನು ರೇಷ್ಮೆ ಸೀರೆ ಉಟ್ಕೊಂಡು ಬಂದಿದ್ದು?" ಎಂದೆ. ಇವರು ಕೇಳಿಸದವರ ಹಾಗೆ ಬಾತುಕೋಳಿ ಏನು ಮೇಯುತ್ತಿದೆ ಎಂದು ನೋಡುತ್ತಿದ್ದರು.

ನಮ್ಮ ಗುಂಪಿಗೆ ಜಾಗ ತೋರಿಸಲು ಬಂದವರು ಎಂಬತ್ತು ದಾಟಿದ ಒಬ್ಬ ಅಜ್ಜಿ. ಬೆಳ್ಳಗಿನ ಕೂದಲು, ನೆಟ್ಟಗಿನ ಬೆನ್ನು, ಕಾಲಿಗೆ ಓಟದ ಬೂಟು. ಹದಿನೆಂಟನೆಯ ವಯಸ್ಸಿನಲ್ಲಿ ಇದೇ ಶೆಡ್ಡಿನಲ್ಲಿ ಕೆಲಸ ಮಾಡಿದವರಂತೆ. ಇಲ್ಲಿ ನಡೆಯುವುದನ್ನು ಹೊರಗೆ ಬಾಯಿ ಬಿಡುವುದಿಲ್ಲ ಎಂದು ಸೇರಿದ ದಿನವೇ ಸಹಿ ಹಾಕಿಸಿಕೊಂಡಿದ್ದರಂತೆ. ಯುದ್ಧ ಮುಗಿದು, ಮದುವೆಯಾಗಿ, ಮಕ್ಕಳಾಗಿ, ಮೂವತ್ತು ವರ್ಷ ಕಳೆದು, ಇನ್ನು ಹೇಳಬಹುದು ಎಂದು ಸರ್ಕಾರವೇ ಹೇಳುವವರೆಗೂ ಗಂಡನಿಗೂ ಹೇಳಲಿಲ್ಲವಂತೆ. "ಗುಮಾಸ್ತೆ ಕೆಲಸ ಮಾಡ್ತಿದ್ದೆ ಅಂದಿದ್ದೆ. ಅವರು ನಂಬಿದ್ದರು, ಪಾಪ," ಎಂದು ಅವರ ಭಾಷೆಯಲ್ಲಿ ಹೇಳಿ ನಕ್ಕರು.

ಮೂವತ್ತು ವರ್ಷ! ನಾನು ಎದೆಯ ಮೇಲೆ ಕೈಯಿಟ್ಟುಕೊಂಡೆ. ಹೊಳೆನರಸೀಪುರದ ನಮ್ಮ ಬೀದಿಯಲ್ಲಿ ಗುಟ್ಟಿನ ಆಯುಸ್ಸು ಅರ್ಧ ಗಂಟೆ. ಅದೂ ಕರೆಂಟು ಹೋಗಿ ಎಲ್ಲರೂ ಜಗಲಿಗೆ ಬಂದು ಕೂತಿದ್ದರೆ ಹತ್ತೇ ನಿಮಿಷ.

ಆಮೇಲೆ ಅಜ್ಜಿ ಒಂದು ಯಂತ್ರ ತೋರಿಸಿದರು. ನೋಡಲು ಟೈಪ್ ರೈಟರಿನಂತೆಯೇ ಇತ್ತು. ಒಂದು ಅಕ್ಷರ ಒತ್ತಿದರೆ ಇನ್ನೊಂದರ ದೀಪ ಹತ್ತುತ್ತದೆ, ಒಳಗೆ ಚಕ್ರ ತಿರುಗಿ ಮುಂದಿನ ಸಲ ಬೇರೆಯದೇ ಹತ್ತುತ್ತದೆ. ಯಾರೂ ಒಡೆಯಲಾರರು ಎಂದು ಜರ್ಮನ್ನರಿಗೆ ಧೈರ್ಯ. ಆದರೂ ಒಡೆದರಲ್ಲ, ಹೇಗೆ? ಅಜ್ಜಿ ಹೇಳಿದ ಕಾರಣಗಳಲ್ಲಿ ನನಗೆ ಅರ್ಥವಾದದ್ದು ಒಂದೇ. ಯಂತ್ರವೇನೋ ಜಾಣ, ಆದರೆ ಅದರ ಮುಂದೆ ಕೂತವನು ಮನುಷ್ಯ. ದಿನಾ ಬೆಳಗ್ಗೆ ಅದೇ ಹೊತ್ತಿಗೆ ಅದೇ ಮಾತಿನಲ್ಲಿ ಹವಾಮಾನ ಕಳಿಸುತ್ತಿದ್ದ. ಹೊಸ ಅಕ್ಷರ ಆರಿಸಿಕೋ ಎಂದರೆ ಸೋಮಾರಿತನಕ್ಕೆ ತನ್ನ ಹುಡುಗಿಯ ಹೆಸರನ್ನೇ ಒತ್ತುತ್ತಿದ್ದ. ಕೈರೂಢಿಯೇ ಅವರನ್ನು ಹಿಡಿದುಕೊಟ್ಟಿತು ಎಂದರು ಅಜ್ಜಿ. ಆ ಮಾತು ಕೇಳುತ್ತಲೇ ನನ್ನ ಮನಸ್ಸು ಆ ಶೆಡ್ಡು ಬಿಟ್ಟು ಸೀದಾ ನಮ್ಮ ಮನೆಯ ಹಜಾರಕ್ಕೆ ಹೋಗಿ ಕೂತುಬಿಟ್ಟಿತು.

ಯಾಕೆಂದರೆ ನಮ್ಮದೂ ಗೂಢಲಿಪಿಯ ಮನೆತನವೇ. ಅಪ್ಪ ತಾರು ಕಚೇರಿಯಲ್ಲಿದ್ದು ನಿವೃತ್ತರಾದವರು. ಟೆಲಿಗ್ರಾಂ ಯಂತ್ರದ ಕಟ್ಟುಕಡ ಸದ್ದಿನಲ್ಲಿ ಊರಿನ ಹುಟ್ಟುಸಾವುಗಳನ್ನೆಲ್ಲ ಊರಿಗಿಂತ ಮೊದಲು ಕೇಳಿಸಿಕೊಂಡು, ಏನೂ ಗೊತ್ತಿಲ್ಲದ ಮುಖ ಮಾಡಿಕೊಂಡು ಮನೆಗೆ ಬರುತ್ತಿದ್ದರು. ಹಿರಿಯರು ನಮ್ಮಿಂದ ಮುಚ್ಚಿಡಬೇಕಾದ್ದನ್ನು ಮುರುಕು ಸಂಸ್ಕೃತದಲ್ಲಿ ಆಡಿಕೊಳ್ಳುತ್ತಿದ್ದರು. ನಾವು ಮಕ್ಕಳು ಅವರಿಂದ ಮುಚ್ಚಿಡಬೇಕಾದ್ದನ್ನು ಅಕ್ಷರಕ್ಕೊಂದು 'ಕ' ಸೇರಿಸಿ ಆಡಿಕೊಳ್ಳುತ್ತಿದ್ದೆವು. ಇಬ್ಬರಿಗೂ ಇಬ್ಬರದೂ ಅರ್ಥವಾಗುತ್ತಿತ್ತು, ಮರ್ಯಾದೆಗೆ ಸುಮ್ಮನಿರುತ್ತಿದ್ದೆವು.

ತೊಂಬತ್ತರ ದಶಕದಲ್ಲಿ ಮನೆಗೆ ಫೋನು ಬಂತು. ಬಂದ ವಾರವೇ ಅಜ್ಜಿ, ಅಂದರೆ ನಮ್ಮಪ್ಪನ ತಾಯಿ, ಅದಕ್ಕೂ ಒಂದು ಲಿಪಿ ಕಟ್ಟಿದರು. ಎರಡು ರಿಂಗಾಗಿ ನಿಂತರೆ ಹೋದವರು ಕ್ಷೇಮವಾಗಿ ತಲುಪಿದರು, ಎತ್ತಬೇಡಿ. ಮೂರಾಗಿ ನಿಂತರೆ ಹಾಸನದಲ್ಲಿ ಚಿಕ್ಕಮ್ಮನಿಗೆ ಹೆರಿಗೆಯಾಯಿತು. ಒಂದು ಮಧ್ಯಾಹ್ನ ಮೂರಾಗಿ ನಿಂತಿತು. ಅಜ್ಜಿ ಕೂತಲ್ಲಿಂದ ಎದ್ದವರು ಒಣಕೊಬ್ಬರಿ ತುರಿದು, ಬೆಲ್ಲ ಕಾಯಿಸಿ, ಬಾಣಂತಿಗೆಂದು ಒಂದು ಡಬ್ಬಿ ಅಂಟಿನುಂಡೆ ಕಟ್ಟಿ ಸಂಜೆಯ ಬಸ್ಸಿನಲ್ಲಿ ಕಳಿಸಿಯೇಬಿಟ್ಟರು. ಚಿಕ್ಕಮ್ಮನಿಗೆ ಆಗ ಆರನೆಯ ತಿಂಗಳು. ಯಾರೋ ಪುಣ್ಯಾತ್ಮ ರಾಂಗ್ ನಂಬರ್ ತಿರುಗಿಸಿ ಮನಸ್ಸು ಬದಲಾಯಿಸಿದ್ದ. ಉಂಡೆ ಚಿಕ್ಕಪ್ಪ ತಿಂದರು, ಈಗಲೂ ಅವರನ್ನು ಬಾಣಂತಿ ಎಂದೇ ರೇಗಿಸುತ್ತೇವೆ.

ಲೋಟದ ಲಿಪಿಯೂ ಈ ಅಜ್ಜಿಯದೇ. ಹೆಣ್ಣು ನೋಡಲು ಬಂದವರ ಎದುರಿಗೆ ಹುಡುಗಿಯನ್ನು "ಒಪ್ಪಿಗೆಯೇನಮ್ಮಾ" ಎಂದು ಕೇಳುವಂತಿಲ್ಲ. ಕೇಳದೆ ಇರುವುದೂ ಅಜ್ಜಿಗೆ ಸರಿಕಾಣದು. ಬಂದವರು ಏಳುವ ಮೊದಲೇ ಮಗಳ ಮನಸ್ಸು ತಿಳಿದರೆ ತಂದೆಯಾದವನು ಮಾತನ್ನು ಬೇಕಾದ ಕಡೆ ತಿರುಗಿಸಬಹುದಲ್ಲ. ಅದಕ್ಕೆ ಏರ್ಪಾಡು ಹೀಗೆ. ಕಾಫಿ ಮುಗಿದ ಮೇಲೆ ಹುಡುಗಿ ತಟ್ಟೆ ಹಿಡಿದು ಬಂದು ಲೋಟಗಳನ್ನು ತೆಗೆದುಕೊಂಡು ಹೋಗುತ್ತಾಳೆ. ಎಂಜಲು ಲೋಟ ನಮ್ಮಲ್ಲಿ ಅಡಿಗೆಮನೆಗೆ ಹೋಗುವಂತಿಲ್ಲ. ಹಜಾರದಿಂದ ಹಿತ್ತಲಿಗೆ ಹೋಗುವ ನಡುವಿನ ಓಣಿಯಲ್ಲಿ ಒಂದು ಸ್ಟೂಲು, ಅದರ ಮೇಲೆ ತಟ್ಟೆ. ಅಪ್ಪನ ಕುರ್ಚಿಯಿಂದ ಕತ್ತು ತುಸು ವಾಲಿಸಿದರೆ ಕಾಣುತ್ತದೆ. ಲೋಟಗಳು ನೆಟ್ಟಗಿದ್ದರೆ ಹುಡುಗಿ ಒಪ್ಪಿದ್ದಾಳೆ, ಕವುಚಿದ್ದರೆ ಬೇಡ. ಒಪ್ಪಿದ್ದರೆ ಅಪ್ಪ "ಹಿತ್ತಲಲ್ಲಿ ಬಾವಿ ಇದೆ, ನೋಡ್ಕೊಂಡು ಬರೋಣ ಬನ್ನಿ" ಎನ್ನುತ್ತಿದ್ದರು. ಬೇಡವಾದರೆ "ಬಸ್ಸಿಗೆ ಹೊತ್ತಾಯ್ತೇನೋ" ಎನ್ನುತ್ತಿದ್ದರು. ಈ ಏರ್ಪಾಡು ಗಂಡಿನ ಕಡೆಯವರಿಗೆ ಯಾವತ್ತೂ, ಮದುವೆಯಾಗಿ ಮೊಮ್ಮಕ್ಕಳಾದರೂ, ತಿಳಿಯಕೂಡದು ಎಂದು ಅಜ್ಜಿ ನನ್ನಿಂದ ಭಾಷೆ ತೆಗೆದುಕೊಂಡಿದ್ದರು. ಸಹಿಯೊಂದು ಹಾಕಿಸಿಕೊಂಡಿರಲಿಲ್ಲ.

ಗುಟ್ಟು ಕಾಪಾಡುವುದರಲ್ಲಿ ನಮ್ಮ ಸಾಧನೆ ಏನೆಂದರೆ, ಪಾತ್ರೆ ತೊಳೆಯಲು ಬರುತ್ತಿದ್ದ ನಿಂಗಮ್ಮನಿಗೆ ಮೊದಲ ಗಂಡು ಬಂದುಹೋದ ದಿನವೇ ಎಲ್ಲ ತಿಳಿದುಹೋಗಿತ್ತು. ಎರಡನೆಯ ಸಲ ಸ್ಟೂಲಿನ ಮುಂದೆ ನಿಂತು, "ಅಯ್ಯೋ ಅವ್ವಾ, ಲ್ವಾಟ ಕವುಚಾಕ್ಬುಟ್ರಾ? ಈ ಗಂಡೂ ಓಯ್ತು ಅನ್ನಿ!" ಎಂದು ನಿಟ್ಟುಸಿರು ಬಿಟ್ಟಳು. ಅವಳ ನಿಟ್ಟುಸಿರು ಬೀದಿಯ ಕೊನೆಯ ಮನೆಗೂ ಕೇಳಿಸುತ್ತಿತ್ತು. ಸಾಲದ್ದಕ್ಕೆ ನಮ್ಮ ಸೋದರತ್ತೆಯರು ಚನ್ನರಾಯಪಟ್ಟಣಕ್ಕೂ ಕೊಣನೂರಿಗೂ ಮದುವೆಯಾಗಿ ಹೋದವರು, ತಮ್ಮ ತಮ್ಮ ಹೆಣ್ಣುಮಕ್ಕಳಿಗೂ ಇದನ್ನೇ ಕಲಿಸಿದ್ದರು. ಹೀಗೆ ಅಜ್ಜಿಯ ಗೂಢಲಿಪಿ ಅರ್ಧ ಜಿಲ್ಲೆಗೆ ಗೊತ್ತಿತ್ತು. ಗೊತ್ತಿಲ್ಲ ಎಂದುಕೊಂಡಿದ್ದವರು ನಾವು ಮಾತ್ರ.

ನನ್ನನ್ನು ನೋಡಲು ಏಳು ಜನ ಬಂದರು. ಮೊದಲ ಆರು ಸಲವೂ ಕವುಚಿದೆ. ಒಬ್ಬರು ಒಂದು ಗಂಟೆ ತಮ್ಮ ಸ್ಕೂಟರು ಲೀಟರಿಗೆ ಎಷ್ಟು ಓಡುತ್ತದೆ ಎನ್ನುವುದನ್ನೇ ಹೇಳಿದರು. ಇನ್ನೊಬ್ಬರ ತಾಯಿ ನನ್ನ ಕಾಲು ಸರಿಯಿದೆಯೇ ಎಂದು ತಿಳಿಯಲು, "ಆ ಕ್ಯಾಲೆಂಡರ್ ತೊಗೊಂಡ್ ಬಾಮ್ಮಾ, ಬೇಡ, ಅಲ್ಲೇ ಇಟ್ಬಿಟ್ ಬಾ" ಎಂದು ಮೂರು ಸಲ ನಡೆಸಿದರು. ಉಳಿದವರ ತಪ್ಪೇನೂ ಇರಲಿಲ್ಲ. ಬೇಡ ಎನ್ನುವುದು ನನಗೆ ಅಷ್ಟು ಹೊತ್ತಿಗೆ ರೂಢಿಯಾಗಿಹೋಗಿತ್ತು.

ಏಳನೆಯವರು ಅರಕಲಗೂಡಿನಿಂದ ಬಂದರು. ಇವರೇ. ಜೊತೆಗೆ ಇವರ ತಂದೆ, ಚನ್ನರಾಯಪಟ್ಟಣದ ಇವರ ಸೋದರತ್ತೆ. ಅಪ್ಪ "ಏನು ಕೆಲಸ ಮಾಡ್ಕೊಂಡಿದೀರಿ?" ಎಂದರು. ಇವರು, "ದನ ಏನು ತಿನ್ನಬೇಕು ಅಂತ ಹುಡುಗರಿಗೆ ಹೇಳ್ಕೊಡ್ತೀನಿ ಸಾರ್. ದನಕ್ಕೆ ಮೊದಲೇ ಗೊತ್ತಿರುತ್ತೆ, ಹುಡುಗರಿಗೆ ಗೊತ್ತಾಗೋದು ಕಷ್ಟ," ಎಂದರು. ಬಾಗಿಲ ಹಿಂದೆ ನಿಂತಿದ್ದ ನಾನು ತಡೆಯಲಾರದೆ ಕಿಸಕ್ಕನೆ ನಕ್ಕೆ. ಅಮ್ಮ ತೊಡೆ ಚಿವುಟಿದರು. ನನಗೆ ಆಗಲೇ ತೀರ್ಮಾನವಾಗಿಹೋಯಿತು. ಇದೇ ಗಂಡು, ಬೇರೆ ಬೇಡ.

ತಟ್ಟೆ ಹಿಡಿದು ಹೋದೆ. ಇವರದು, ಇವರ ತಂದೆಯದು, ಅತ್ತೆಯದು, ಅಪ್ಪನದು, ನಾಲ್ಕು ಲೋಟ ಎತ್ತಿಕೊಂಡೆ. ತಲೆಯೆತ್ತಲಿಲ್ಲ, ನಗು ಬಂದರೆ ಕಷ್ಟ. ಓಣಿಗೆ ಬಂದು ತಟ್ಟೆ ಇಟ್ಟು ಅಡಿಗೆಮನೆಗೆ ಓಡಿಬಂದೆ. ಬಂದು ನಿಂತ ಮೇಲೆ ನೆನಪಾಯಿತು. ಅಯ್ಯೋ ದೇವರೇ, ನಾಲ್ಕನ್ನೂ ಕವುಚಿ ಇಟ್ಟು ಬಂದಿದ್ದೇನೆ! ಆರು ಸಲ ಮಾಡಿದ್ದನ್ನೇ ಕೈ ಏಳನೆಯ ಸಲವೂ ಮಾಡಿ ಮುಗಿಸಿತ್ತು, ನನ್ನನ್ನು ಒಂದು ಮಾತು ಕೇಳದೆ. ಮತ್ತೆ ಹೊರಗೆ ಹೋಗುವಂತಿಲ್ಲ. ಒಮ್ಮೆ ಬಂದುಹೋದ ಹುಡುಗಿ ಕಾರಣವಿಲ್ಲದೆ ಓಣಿಯಲ್ಲಿ ಸುಳಿದರೆ ಗಂಡಿನ ಕಡೆಯವರು ಏನೆಂದುಕೊಂಡಾರು? ಅಮ್ಮನಿಗೆ ಹೇಳೋಣವೆಂದರೆ ನಾಚಿಕೆ, ಬಾಯಿ ಬರಲಿಲ್ಲ. "ಬಸ್ಸಿಗೆ ಹೊತ್ತಾಯ್ತೇನೋ" ಎನ್ನುವ ಮಾತು ಈಗ ಬಂತು, ಈಗ ಬಂತು ಎಂದು ಕಿವಿಯೊಡ್ಡಿಕೊಂಡು, ಒಲೆಯ ಮುಂದೆ ಕಣ್ಣೀರು ಒರೆಸಿಕೊಳ್ಳುತ್ತ ನಿಂತೆ.

ಹಜಾರದಿಂದ ಅಪ್ಪನ ದನಿ ಬಂತು. "ಹಿತ್ತಲಲ್ಲಿ ಬಾವಿ ಇದೆ, ನೋಡ್ಕೊಂಡು ಬರೋಣ ಬನ್ನಿ."

ಎಲ್ಲರೂ ಬಾವಿಯ ಕಡೆ ಹೋದ ಮೇಲೆ ಓಡಿಹೋಗಿ ನೋಡಿದೆ. ನಾಲ್ಕು ಲೋಟವೂ ಸಾಲಾಗಿ ನೆಟ್ಟಗೆ ಕೂತಿದ್ದವು. ಅವತ್ತಿನಿಂದ ಅಪ್ಪ ನನ್ನ ಪಾಲಿಗೆ ದೇವರಾದರು. ಬಾಗಿಲ ಹಿಂದಿನ ಒಂದು ನಗು ಕೇಳಿ ಮಗಳ ಮನಸ್ಸನ್ನು ಓದಿ, ಅವಳ ತಪ್ಪನ್ನು ತಾವೇ ತಿದ್ದಿಟ್ಟರಲ್ಲ ಎಂದು. ಅವರನ್ನು ಕೇಳಲಿಲ್ಲ, ಅಂಥದ್ದನ್ನೆಲ್ಲ ಆಗ ಕೇಳುತ್ತಿರಲಿಲ್ಲ. ತವರಿಗೆ ಹೋದಾಗಲೆಲ್ಲ ಅವರ ಎಲೆಗೆ ಎರಡು ಹೋಳಿಗೆ ಹೆಚ್ಚಿಗೆ ಹಾಕುತ್ತಿದ್ದೆ. ಅವರೂ ಯಾಕೆಂದು ಕೇಳದೆ, ತಮಗೆ ಸಲ್ಲಬೇಕಾದ್ದೇ ಎನ್ನುವ ಹಾಗೆ ತಿನ್ನುತ್ತಿದ್ದರು.

ಈಗ ಮ್ಯೂಸಿಯಮ್ಮಿಗೆ ವಾಪಸು ಬರೋಣ. ನೋಡಿ ಮುಗಿಸಿ ಅಲ್ಲಿನ ಕ್ಯಾಂಟೀನಿನಲ್ಲಿ ಟೀ ಕುಡಿಯುತ್ತಿದ್ದೆವು. ಆ ಬೂಟಿನ ಅಜ್ಜಿಯೂ ತಮ್ಮ ಕಪ್ಪು ಹಿಡಿದು ನಮ್ಮ ಮೇಜಿಗೇ ಬಂದು ಕೂತರು, ನನ್ನ ಸೀರೆ ಮುಟ್ಟಿ ನೋಡಿ ಹೊಗಳಿದರು. ನಾನು ಕುಡಿದು ಮುಗಿಸಿದವಳು ಯಥಾಪ್ರಕಾರ ಕಪ್ಪು ಕವುಚಿದೆ. ಅಜ್ಜಿ ಹುಬ್ಬೇರಿಸಿದರು. ಎಷ್ಟಾದರೂ ಹಳೇ ಕಸುಬಿನವರು. "ಇದಕ್ಕೇನಾದರೂ ಅರ್ಥ ಉಂಟೋ?" ಎಂದು ಕೇಳಿದರು. ಮೂವತ್ತು ವರ್ಷ ಬಾಯಿ ಬಿಗಿಹಿಡಿದ ಹೆಂಗಸಿನ ಮುಂದೆ ನನಗೂ ಒಂದು ಗುಟ್ಟಿದೆ ಎಂದು ತೋರಿಸಿಕೊಳ್ಳುವ ಚಪಲ. ನಮ್ಮಜ್ಜಿಗೆ ಕೊಟ್ಟ ಭಾಷೆಯನ್ನು ಇಂಗ್ಲಿಷಿನಲ್ಲಿ ಮುರಿದರೆ ದೋಷವಿಲ್ಲ ಎಂದುಕೊಂಡು, "ಹೂಂ, ನಮ್ಮ ಮನೆಯಲ್ಲಿ ಇದಕ್ಕೆ ಬೇಡ ಎಂದು ಅರ್ಥ" ಎಂದೆ. ಅವರು ಚಪ್ಪಾಳೆ ತಟ್ಟಿ ನಕ್ಕು, ಮುಂದಿನ ಗುಂಪು ಬಂತೆಂದು ಎದ್ದುಹೋದರು.

ಇವರು ಟೀ ಚಮಚವನ್ನು ಮೇಜಿನ ಮೇಲಿಟ್ಟು, "ನಂಗೊತ್ತು," ಎಂದರು.

"ಏನು ಗೊತ್ತು?"

"ಕವುಚಿದ್ರೆ ಬೇಡ ಅಂತ. ಅವತ್ತು ಬರೋವಾಗ ಬಸ್ಸಲ್ಲೇ ಚನ್ನರಾಯಪಟ್ಟಣದ ಅತ್ತೆ ಹೇಳಿದ್ರು. 'ಲೋ, ಆ ಮನೇಲಿ ಲೋಟದ ಮೇಲೆ ಕಣ್ಣಿಟ್ಟಿರು, ಬೋರಲು ಹಾಕಿದ್ರೆ ಉಪ್ಪಿಟ್ಟು ತಿಂದು ಎದ್ದು ಬರೋದೆ' ಅಂತ." ಇವರು ನನ್ನ ಮುಖ ನೋಡುತ್ತಿರಲಿಲ್ಲ, ಕವುಚಿದ ಕಪ್ಪನ್ನು ನೋಡುತ್ತಿದ್ದರು. "ಕೈ ತೊಳ್ಕೋತೀನಿ ಅಂತ ಎದ್ದು ಬಂದೆ. ಓಣೀಲಿ ನೋಡಿದ್ರೆ ನಾಲ್ಕೂ ಬೋರಲು. ನಿಮ್ಮಪ್ಪ ಇನ್ನೂ ಈ ಕಡೆ ತಿರುಗಿರ್ಲಿಲ್ಲ. ನಾನೇ ತಿರುಗಿಸಿಟ್ಟೆ ಕಣೇ."

ನನಗೆ ಮೊದಲು ನೆನಪಾದದ್ದು, ನಾಚಿಕೆಬಿಟ್ಟು ಹೇಳುತ್ತೇನೆ, ಅಪ್ಪ ಹನ್ನೆರಡು ವರ್ಷ ತಿಂದ ಹೋಳಿಗೆಗಳು. ತಾರು ಬಂದಂತೆ ಓದುವುದು ಅವರ ಕೆಲಸ, ನಡುದಾರಿಯಲ್ಲಿ ಯಾರು ತಿದ್ದಿದರು ಎಂದು ವಿಚಾರಿಸುವುದಲ್ಲ. ಪಾಪದ ಮನುಷ್ಯ ಬಾವಿ ತೋರಿಸಿದ್ದರು, ಅಷ್ಟೆ.

"ಬಾಗಿಲ ಹಿಂದೆ ನಕ್ಯಲ್ಲ, ಆ ನಗೂಗೆ ಸೋತುಬಿಟ್ಟಿದ್ದೆ," ಎಂದರು ಇವರು. "ಲೋಟ ನೋಡಿದ್ಮೇಲೆ ಅದು ನನ್ನ ಹಾಸ್ಯ ಮಾಡಿದ ನಗು ಅಂತ ಗೊತ್ತಾಯ್ತು. ಆದ್ರೂ ತಿರುಗಿಸ್ದೆ. ನೀನು ಬೇಡ ಅಂದಿದ್ದನ್ನ ನಾನು ಕದ್ದು ಹೂಂ ಮಾಡಿಸ್ಬಿಟ್ಟೆ. ಮದುವೆ ದಿನದಿಂದ ಹೇಳ್ಬೇಕು ಹೇಳ್ಬೇಕು ಅಂತಾನೇ ಇದೀನಿ. ಆ ಅಜ್ಜಿ ಮಾತು ಕೇಳಿದ್ಮೇಲೆ ಇನ್ನು ಹೊಟ್ಟೇಲಿ ಇಟ್ಕೊಳ್ಳೋಕೆ ಆಗ್ಲಿಲ್ಲ."

ಆಮೇಲೆ ಒಂದೊಂದಾಗಿ ಬೇರೆಯವೂ ನೆನಪಾದವು. ಮದುವೆಯಾದ ವಾರಕ್ಕೇ ಇವರು, "ನಿನ್ನ ಬಿ.ಎಡ್. ಮುಗಿಯೋವರೆಗೂ ತವರಲ್ಲೇ ಇರು, ನಾನೇನೂ ಬಲವಂತ ಮಾಡಲ್ಲ" ಎಂದಿದ್ದರು. ನನ್ನನ್ನು ಕಂಡರೆ ಇವರಿಗೆ ಅಷ್ಟಕ್ಕಷ್ಟೇ ಎಂದುಕೊಂಡು ಆಗ ಎರಡು ದಿನ ಅತ್ತಿದ್ದೆ. ಕೊಣನೂರಿಗೆ ನಾಮಕರಣಕ್ಕೆ ಹೋಗಬೇಕಾದರೂ "ನಿಂಗಿಷ್ಟ ಇದ್ರೆ ಮಾತ್ರ" ಎಂದು ನಾಲ್ಕು ಸಲ ಕೇಳುವವರು. ಒಂದು ಸಲವೂ ನನ್ನ ಮೇಲೆ ದನಿಯೆತ್ತಿದವರಲ್ಲ. ದನಗಳ ಸಹವಾಸದಿಂದ ಬಂದ ಸಾಧುತನ ಎಂದು ನಾನು ಗೆಳತಿಯರ ಹತ್ತಿರ ಹಾಸ್ಯ ಮಾಡುತ್ತಿದ್ದೆ. ಹನ್ನೆರಡು ವರ್ಷ ಈ ಮನುಷ್ಯ, ತಾನು ಬೇಡವಾದವನು ಎಂದುಕೊಂಡೇ ನನ್ನ ಜೊತೆ ಸಂಸಾರ ಮಾಡಿದ್ದರು.

ಆ ಕ್ಷಣವೇ ನಿಜ ಹೇಳಿಬಿಡಬೇಕಿತ್ತು. ಒಳ್ಳೆಯ ಹೆಂಗಸಾಗಿದ್ದರೆ ಹೇಳುತ್ತಿದ್ದಳು. ನನ್ನ ತಲೆಯಲ್ಲಿ ಓಡಿದ್ದೇ ಬೇರೆ. ಇವರ ಈ ತಪ್ಪೊಪ್ಪಿಗೆಯನ್ನು ಇನ್ನೊಂದಿಷ್ಟು ದಿನ ಹಾಗೇ ಇಟ್ಟುಕೊಂಡರೆ ನಾಳೆಯೇ ಅರಮನೆ ನೋಡಬಹುದು, ಸಲೀಸಾಗಿ. "ಹೋಗ್ಲಿ ಬಿಡಿ, ಆಗಿದ್ದಾಯ್ತು," ಎಂದು ದೊಡ್ಡ ಮನಸ್ಸಿನವಳ ಹಾಗೆ ದನಿ ಎಳೆದು ಎದ್ದೆ. ಇವರು ನನ್ನ ಚೀಲ ತಾವೇ ಎತ್ತಿಕೊಂಡು ಸ್ಟೇಷನ್ನಿನ ಕಡೆ ಮುಂದೆ ಮುಂದೆ ನಡೆದರು. ದಾರಿಯುದ್ದಕ್ಕೂ ಹಸಿರು ಹುಲ್ಲು ಬೆಳೆದಿತ್ತು. ಹುಲ್ಲು ಕಂಡಲ್ಲೆಲ್ಲ ಬಗ್ಗಿ ಒಂದೆಳೆ ಕಿತ್ತು ಬಾಯಲ್ಲಿಟ್ಟು ನೋಡುವ ಮನುಷ್ಯ, ಒಮ್ಮೆಯೂ ಬಗ್ಗಲಿಲ್ಲ. ಪ್ಲಾಟ್‌ಫಾರ್ಮ್ ಮುಟ್ಟುವ ಹೊತ್ತಿಗೆ ಅರಮನೆಯ ಆಸೆ ಸತ್ತುಹೋಗಿತ್ತು.

"ರೀ, ನಾನು ಒಪ್ಪಿದ್ದೆ. ಕೈತಪ್ಪಿ ಕವುಚಿದ್ದು," ಎಂದೆ.

"ನನ್ನ ಸಮಾಧಾನಕ್ಕೆ ಹೇಳ್ಬೇಡ."

"ನಿಮ್ಮಾಣೆ ಕಣ್ರೀ. ಆರು ಸಲ ಕವುಚಿ ಕವುಚಿ ಕೈಗೆ ಅದೇ ಬರ್ತಿತ್ತು. ಒಳಗೆ ಹೋಗಿ ಕಣ್ಣೀರೂ ಹಾಕಿದ್ದೆ."

ನಂಬಲಿಲ್ಲ. ನಂಬಬೇಕೆಂಬ ಆಸೆ ಮುಖದ ತುಂಬ ಇತ್ತು, ಅದಕ್ಕೇ ಹೆದರುತ್ತಿದ್ದರು. ಇಂಥ ಮನುಷ್ಯನಿಗೆ ರುಜುವಾತು ಕೊಡಬೇಕು. ನಾನು ಕಣ್ಣು ಮುಚ್ಚಿಕೊಂಡು ಆ ದಿನವನ್ನು ಹುಡುಕಿದೆ.

"ನೀಲಿ ಗೀಟಿನ ಶರ್ಟು ಹಾಕ್ಕೊಂಡಿದ್ರಿ. ಮೇಲಿಂದ ಮೂರನೇ ಗುಂಡಿ ಬೇರೆ, ಉಳಿದವೆಲ್ಲ ಬಿಳೀದು, ಅದೊಂದು ಕಂದು. ಯಾರೋ ಅವಸರದಲ್ಲಿ ಕೆಂಪು ದಾರದಲ್ಲಿ ಹೊಲಿದಿದ್ರು. ಬಾಗಿಲಲ್ಲಿ ಚಪ್ಪಲಿ ಬಿಟ್ಟವರು ತಿರುಗಿ ಬಂದು ನಿಮ್ಮತ್ತೆ ಚಪ್ಪಲೀನೂ ಜೋಡಿಸಿಟ್ರಿ. ಉಪ್ಪಿಟ್ಟಲ್ಲಿ ಮೆಣಸಿನಕಾಯಿ ಕಚ್ಕೊಂಡ್ರಿ, ಕಣ್ಣಲ್ಲಿ ನೀರು ಬಂತು, ಚೆನ್ನಾಗಿದೆ ಅಂದ್ರಿ. ಕಿಟಕೀಲಿ ನಿಂತು ಎಲ್ಲಾ ನೋಡಿದೀನಿ."

ಇವರು, "ಆ ಗುಂಡಿ ನಾನೇ ಹೊಲ್ಕೊಂಡಿದ್ದು," ಎಂದರು. ಆಮೇಲೆ, "ಇನ್ನೂ ಆರು ಜನ ಬಂದಿದ್ರಲ್ಲ, ಅವರು ಹಾಕ್ಕೊಂಡಿದ್ದ ಶರ್ಟು?"

"ಅವರ ಮುಖಾನೇ ನೆನಪಿಲ್ಲ ಕಣ್ರೀ."

ರೈಲು ಬಂತು. ಬಾಗಿಲು ತೆರೆದುಕೊಂಡಿತು, ಜನ ಇಳಿದರು, ಹತ್ತಿದರು, ಬಾಗಿಲು ಮುಚ್ಚಿಕೊಂಡಿತು, ರೈಲು ಹೊರಟುಹೋಯಿತು. ಇವರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿಕೊಳ್ಳಲು ಹೋಗಿ, ಪ್ಯಾಂಟು ಹಾಕಿಕೊಂಡಿರುವುದು ತಿಳಿದು, ನನ್ನ ರೇಷ್ಮೆ ಸೆರಗಿನಲ್ಲೇ ಒರೆಸಿಕೊಂಡರು. ಮುಂದಿನ ರೈಲಿಗೆ ಅರ್ಧ ಗಂಟೆಯಿತ್ತು. ಬೆಂಚಿನ ಮೇಲೆ ಕೂತು, ಪಕ್ಕದಲ್ಲಿ ನನಗೆ ಜಾಗ ಮಾಡಿಕೊಟ್ಟು ಹೇಳಿದರು: "ಇನ್ನೊಂದ್ಸಲ ಹೇಳು. ಚಪ್ಪಲಿ ಬಿಟ್ಟಲ್ಲಿಂದ."